ಮೇಷ್ಟ್ರ ಕ್ಯಾಸೆಟ್‌ಗಳಿಗೆ ಒಂದು ಎಡಿಸಿ ಚಿಪ್: ಕಡಿಮೆ ದುಡ್ಡಿನಲ್ಲಿ ಆರಿಸಿದ ಬಗೆ

ಸಾಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಹತ್ತಿರ ಎರಡು ಟ್ರಂಕ್ ತುಂಬ ಕ್ಯಾಸೆಟ್‌ಗಳಿವೆ. ಹೆಚ್ಚಿನವು ಯಕ್ಷಗಾನದ ಆಟ, ತಾಳಮದ್ದಲೆ. ಎಂಬತ್ತು, ತೊಂಬತ್ತರ ದಶಕದಲ್ಲಿ ರಾತ್ರಿಯಿಡೀ ರಂಗಸ್ಥಳದ ಎದುರು ಕೂತು ಅವರೇ ರೆಕಾರ್ಡ್ ಮಾಡಿಕೊಂಡದ್ದು. ಅಂಗಡಿಯಿಂದ ತಂದ ಕ್ಯಾಸೆಟ್‌ಗಳೂ ನಡುವೆ ಇವೆ, ಅವು ಹೋದರೆ ಬೇರೆ ಕಡೆ ಸಿಕ್ಕಾವು. ಈ ಸ್ವಂತ ರೆಕಾರ್ಡಿಂಗ್‌ಗಳಿಗೆ ಮಾತ್ರ ಎರಡನೇ ಪ್ರತಿ ಎಲ್ಲೂ ಇಲ್ಲ. ಮಲೆನಾಡಿನ ಮಳೆಗಾಲ ಟೇಪಿಗೆ ಒಳ್ಳೆಯದಲ್ಲ. ಕೆಲವಕ್ಕೆ ಆಗಲೇ ಬೂಷ್ಟು ಹಿಡಿದಿತ್ತು.

ಮೇಷ್ಟ್ರ ಮೊಮ್ಮಗ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾನೆ. ಇವನ್ನೆಲ್ಲ ಡಿಜಿಟಲ್ ಮಾಡುವ ಪೆಟ್ಟಿಗೆಯನ್ನು ತಾನೇ ಕಟ್ಟಬೇಕು ಅಂತ ಹೊರಟ. ಹಳೆಯ ರಾಸ್ಪ್‌ಬೆರಿ ಪೈ 3 ಬೋರ್ಡ್ ಒಂದು ಅವನ ಹತ್ತಿರ ಇತ್ತು. ಉಳಿದದ್ದಕ್ಕೆಲ್ಲ ಸೇರಿ ಮೂರು ಸಾವಿರ ರೂಪಾಯಿ ಮೀರಬಾರದು ಅಂತ ಲೆಕ್ಕ. ರಾಸ್ಪ್‌ಬೆರಿ ಪೈಗೆ ಅನಲಾಗ್ ಇನ್‌ಪುಟ್ಟೇ ಇಲ್ಲ. ಹಾಗಾಗಿ ಕ್ಯಾಸೆಟ್ ಡೆಕ್‌ನಿಂದ ಬರುವ ಸಿಗ್ನಲ್ ಅನ್ನು ಅಂಕಿಗಳಾಗಿ ಮಾಡುವ ಚಿಪ್, ಅಂದರೆ ಎಡಿಸಿ, ಹೊರಗಿನಿಂದ ಬೇಕು. ಯಾವುದು, ಎಲ್ಲಿಂದ, ಎಷ್ಟಕ್ಕೆ ಅನ್ನೋದು ಅವನ ಪ್ರಶ್ನೆ. ಆಡಿಯೋ ಸರ್ಕ್ಯೂಟ್ ಕಟ್ಟುವ ಹುಚ್ಚು ನನಗೆ ಮೊದಲಿನಿಂದಲೂ ಇರುವುದರಿಂದ ಪ್ರಶ್ನೆ ನನ್ನ ಹತ್ತಿರ ಬಂತು.

ಮೇಷ್ಟ್ರನ್ನು ಫೋನಿನಲ್ಲಿ ಕೇಳಿದೆ: "ಮೇಷ್ಟ್ರೇ, ಧ್ವನಿ ಹೇಗಿರಬೇಕು ನಿಮಗೆ?"

"ಇದ್ದದ್ದು ಇದ್ದ ಹಾಗೆ ಬರಲಿ ಮಾರಾಯ್ರೇ. ಹೊಸದಾಗಿ ಏನೂ ಸೇರಬಾರದು. ಮತ್ತೆ ಚೆಂಡೆ ಪೆಟ್ಟು ಒಡೆದ ಹಾಗೆ ಕೇಳಬಾರದು. ಅಷ್ಟಾದರೆ ಸಾಕು."

ಇಡೀ ಕೆಲಸಕ್ಕೆ ಇದಕ್ಕಿಂತ ಸ್ಪಷ್ಟವಾದ ಬೇಡಿಕೆ ನನಗೆ ಸಿಗುತ್ತಿರಲಿಲ್ಲ. ಚಿಪ್‌ನ ಗದ್ದಲ ಟೇಪಿನ ಗದ್ದಲಕ್ಕಿಂತ ಬಹಳ ಕೆಳಗಿರಬೇಕು. ಜೋರಾದ ಪೆಟ್ಟಿಗೆ ಮೇಲೆ ಸಾಕಷ್ಟು ಜಾಗ ಇರಬೇಕು.

ಕ್ಯಾಸೆಟ್‌ನಲ್ಲಿ ಇರುವುದೆಷ್ಟು?

ಚಿಪ್‌ಗಳ ಪಟ್ಟಿ ತೆರೆಯುವ ಮೊದಲು ಮಾಡಬೇಕಾದ ಲೆಕ್ಕ ಇದು. ಹೆಚ್ಚಿನವರು ಇದನ್ನು ಬಿಟ್ಟು ನೇರ ಬೆಲೆ ನೋಡೋಕೆ ಹೋಗುತ್ತಾರೆ, ಆಮೇಲೆ ಬೇಡದ್ದಕ್ಕೆ ದುಡ್ಡು ಕೊಡುತ್ತಾರೆ.

ಕ್ಯಾಸೆಟ್ ಟೇಪಿನ ಅಗಲ 3.81 ಮಿಲಿಮೀಟರ್. ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ಅಷ್ಟು ಕಿರಿದಾದ, ಅಷ್ಟು ನಿಧಾನದ ಟೇಪಿನಲ್ಲಿ ಡಾಲ್ಬಿ (ಟೇಪಿನ ಗದ್ದಲ ಇಳಿಸುವ ಸರ್ಕ್ಯೂಟ್) ಇಲ್ಲದೆ ಸಿಗುವ ಸಿಗ್ನಲ್-ಗದ್ದಲದ ಅಂತರ ಸುಮಾರು 50ರಿಂದ 55 ಡಿಬಿ, ಅಂದರೆ ಡೆಸಿಬಲ್. ಒಳ್ಳೆ ಟೇಪು, ಒಳ್ಳೆ ಡೆಕ್, ಡಾಲ್ಬಿ ಎಲ್ಲ ಕೂಡಿಬಂದರೆ 60 ದಾಟುತ್ತದೆ. ಬಯಲಿನಲ್ಲಿ, ಜನರ ನಡುವೆ, ಸಣ್ಣ ರೆಕಾರ್ಡರ್‌ನಲ್ಲಿ ತುಂಬಿಸಿದ್ದಕ್ಕೆ 55 ಅಂತ ಹಿಡಿದರೆ ಅದೇ ಉದಾರ.

ಈಗ ಚಿಪ್ ಕಡೆಯ ಲೆಕ್ಕ. ಒಂದೊಂದು ಬಿಟ್‌ಗೆ ಸುಮಾರು 6 ಡಿಬಿ. 16 ಬಿಟ್‌ಗೆ ಕಾಗದದ ಮೇಲೆ 98 ಡಿಬಿ, 24 ಬಿಟ್‌ಗೆ 146. ಆದರೆ 146 ಕೊಡುವ ಆಡಿಯೋ ಎಡಿಸಿ ಚಿಪ್ ಯಾವುದೂ ಇಲ್ಲ. ಸಿರಸ್ ಲಾಜಿಕ್‌ನ ಸಿಎಸ್5381 ಸ್ಟುಡಿಯೋ ದರ್ಜೆಯ ಚಿಪ್, ಅದರ ಡೈನಾಮಿಕ್ ರೇಂಜ್, ಅಂದರೆ ಅತಿ ಜೋರಿನ ಸಿಗ್ನಲ್‌ಗೂ ಚಿಪ್‌ನ ಗದ್ದಲಕ್ಕೂ ಇರುವ ಅಂತರ, 120 ಡಿಬಿ. ಲೆಕ್ಕ ಹಾಕಿದರೆ 20 ಬಿಟ್ ಕೂಡ ಪೂರ್ತಿ ಆಗಲ್ಲ. ಆದ್ದರಿಂದ ಬೋರ್ಡಿನ ಮೇಲೆ "24 ಬಿಟ್" ಅಂತ ಬರೆದಿದ್ದರೆ ಅದು ತಂತಿಯಲ್ಲಿ ಹೋಗುವ ಅಂಕಿಯ ಉದ್ದ ಅಷ್ಟೇ. ಚಿಪ್ ಎಷ್ಟು ಒಳ್ಳೆಯದು ಅಂತ ತಿಳಿಯಬೇಕಾದರೆ ಕಂಪನಿಯ ಡೇಟಾಶೀಟ್‌ನಲ್ಲಿ ಡೈನಾಮಿಕ್ ರೇಂಜ್ ಮತ್ತು ಟಿಎಚ್‌ಡಿ+ಎನ್ (ಧ್ವನಿಯ ವಿರೂಪ, ಗದ್ದಲ ಎರಡೂ ಸೇರಿದ ಅಳತೆ) ಅನ್ನೋ ಎರಡು ಸಾಲು ಓದಬೇಕು. ಹುಡುಗನಿಗೆ ನಾನು ಹೇಳಿಕೊಟ್ಟ ಮೊದಲ ಪಾಠ ಇದೇ.

55 ಡಿಬಿಯ ಟೇಪಿಗೆ 55 ಡಿಬಿಯ ಚಿಪ್ ಸಾಲದಾ? ಸಾಲದು. ಚೆಂಡೆಗೆ ಮೇಲೆ ಜಾಗ ಬಿಡಬೇಕಲ್ವಾ. ಮಾಮೂಲಿ ಮನೆ ಡೆಕ್‌ನ ಲೈನ್ ಔಟ್ ಸುಮಾರು 0.316 ವೋಲ್ಟ್ ಆರ್‌ಎಂಎಸ್ (ಪರಿಣಾಮಕಾರಿ ಸರಾಸರಿ). ನಾವು ಕೊನೆಗೆ ಆರಿಸಿದ ಚಿಪ್‌ನ ಪೂರ್ತಿ ಅಳತೆ (ಒಡೆಯದೆ ತಗೊಳ್ಳುವ ಗರಿಷ್ಠ ಸಿಗ್ನಲ್) ಪೀಕ್-ಟು-ಪೀಕ್, ಅಲೆಯ ತುದಿಯಿಂದ ತಳಕ್ಕೆ, 3 ವೋಲ್ಟ್, ಅಂದರೆ 1.06 ವೋಲ್ಟ್ ಆರ್‌ಎಂಎಸ್. ಎರಡರ ನಡುವೆ ಹತ್ತೂವರೆ ಡಿಬಿ ತಾನಾಗೇ ಸಿಗುತ್ತದೆ. ಟೇಪಿನ ಗದ್ದಲ ಅಲ್ಲಿಂದ 55 ಡಿಬಿ ಕೆಳಗೆ, ಅಂದರೆ ಪೂರ್ತಿ ಅಳತೆಯಿಂದ ಮೈನಸ್ 65ರ ಹತ್ತಿರ ಬಂದು ಕೂರುತ್ತದೆ. ಚಿಪ್‌ನ ಗದ್ದಲ ಮೈನಸ್ 95 ಆಸುಪಾಸು ಇದ್ದರೆ ನಡುವೆ 30 ಡಿಬಿ ಅಂತರ. ಹೊಸದಾಗಿ ಏನೂ ಸೇರಿಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಹೀಗೆ ಬೇಕಾದ್ದರ ಪಟ್ಟಿ ತಾನಾಗೇ ಚಿಕ್ಕದಾಯಿತು. ಸ್ಟೀರಿಯೋ ಇರಬೇಕು. ಡೈನಾಮಿಕ್ ರೇಂಜ್ 95 ಡಿಬಿಗಿಂತ ಮೇಲಿರಬೇಕು. 48 ಕಿಲೋಹರ್ಟ್ಸ್ (ಸೆಕೆಂಡಿಗೆ 48,000 ಅಳತೆ), 24 ಬಿಟ್ ಬರಬೇಕು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ಹಳೆಯ ಅನಲಾಗ್ ರೆಕಾರ್ಡಿಂಗ್‌ಗಳಿಗೆ ಕನಿಷ್ಠ ಅಂತ ಹೇಳುವುದು ಇದನ್ನೇ. ಕೈಯಲ್ಲಿ ಬೆಸುಗೆ ಹಾಕುವಂತಿರಬೇಕು. ಒಂದೆರಡೇ ಕೊಳ್ಳೋಕೆ ಸಿಗಬೇಕು, ಮತ್ತು ಅದು ಅಸಲಿ ಆಗಿರಬೇಕು.

ಎಸ್‌ಪಿ ರೋಡಿನಲ್ಲಿ

ಬೆಂಗಳೂರಲ್ಲಿ ಬಿಡಿಭಾಗ ಬೇಕು ಅಂದರೆ ಕಾಲು ತಾನಾಗೇ ಎಸ್‌ಪಿ ರೋಡಿಗೆ ಹೋಗುತ್ತದೆ. ಅಲ್ಲಿ "ಎಡಿಸಿ ಕೊಡಿ" ಅಂದರೆ ಕೌಂಟರ್ ಮೇಲೆ ಬರೋದು ಮೂರು ಸಾಮಾನು. ಕಾಲೇಜ್ ಲ್ಯಾಬಿನ ಎಡಿಸಿ0804 ಅಥವಾ 0808, ಎಂಸಿಪಿ3008, ಮತ್ತೆ ಎಡಿಎಸ್1115 ಹಾಕಿದ ಪುಟ್ಟ ಬೋರ್ಡ್. ಮೂರೂ ಒಳ್ಳೆ ಚಿಪ್‌ಗಳೇ, ಆದರೆ ಆಡಿಯೋಗೆ ಅಲ್ಲ.

ಎಡಿಸಿ0804 8 ಬಿಟ್‌ನದು. ಸೈದ್ಧಾಂತಿಕವಾಗಿಯೇ 50 ಡಿಬಿ. ಮೇಲಿನ ಲೆಕ್ಕದಲ್ಲಿ ಇಟ್ಟು ನೋಡಿದರೆ ಟೇಪಿನ ಗದ್ದಲಕ್ಕಿಂತ ಚಿಪ್‌ನ ಗದ್ದಲವೇ 15 ಡಿಬಿ ಜಾಸ್ತಿ. ಎಡಿಎಸ್1115 16 ಬಿಟ್‌ನದು, ಅದಕ್ಕೇ ಬಹಳ ಜನ ಆಸೆಪಟ್ಟು ತರುತ್ತಾರೆ. ಆದರೆ ಅದರ ವೇಗ ಸೆಕೆಂಡಿಗೆ ಹೆಚ್ಚೆಂದರೆ 860 ಸ್ಯಾಂಪಲ್, ಅಂದರೆ 860 ಅಳತೆ. ಬ್ಯಾಟರಿ ವೋಲ್ಟೇಜು, ತಾಪಮಾನ ಅಳೆಯೋಕೆ ಸೊಗಸಾಗಿದೆ. ಭಾಗವತರ ಪದ್ಯಕ್ಕೆ 48,000 ಬೇಕು. ಎಂಸಿಪಿ3008 ವೇಗದಲ್ಲಿ ಸಾಕು, ಸೆಕೆಂಡಿಗೆ ಎರಡು ಲಕ್ಷ ಸ್ಯಾಂಪಲ್ ತೆಗೆಯುತ್ತದೆ, ಆದರೆ ಇರೋದು 10 ಬಿಟ್. ಅದೂ ಅಲ್ಲದೆ ಪ್ರತಿ ಸ್ಯಾಂಪಲ್ ಅನ್ನೂ ಪ್ರೊಸೆಸರ್ ಕೇಳಿ ಕೇಳಿ ಪಡೆಯಬೇಕು. ಲಿನಕ್ಸ್ ಓಡಿಸುವ ಬೋರ್ಡ್ ಸರಿಯಾದ ಹೊತ್ತಿಗೆ ಕೇಳುತ್ತೆ ಅಂತ ಯಾವ ಖಾತರಿಯೂ ಇಲ್ಲ, ಮತ್ತೆ ಹೊತ್ತು ಏರುಪೇರಾದರೆ ಧ್ವನಿಯೇ ಕೆಡುತ್ತದೆ.

ಆಡಿಯೋ ಎಡಿಸಿಗಳ ಕಥೆ ಬೇರೆ. ಅವುಗಳ ಒಳಗಿರೋದು ಡೆಲ್ಟಾ-ಸಿಗ್ಮಾ ವಿಧಾನ. 48 ಕಿಲೋಹರ್ಟ್ಸ್ ಬೇಕಾದರೆ ಅದರ 64 ಪಟ್ಟು, ಅಂದರೆ ಸೆಕೆಂಡಿಗೆ 30 ಲಕ್ಷದ ಮೇಲೆ ಒರಟು ಅಳತೆ ತೆಗೆದು, ಗದ್ದಲವನ್ನು ಕಿವಿಗೆ ಕೇಳದ ಎತ್ತರದ ಫ್ರೀಕ್ವೆನ್ಸಿಗೆ ತಳ್ಳಿ, ಆಮೇಲೆ ಒಳಗಿನ ಡಿಜಿಟಲ್ ಫಿಲ್ಟರ್‌ನಲ್ಲಿ ಸೋಸಿ ಕೊಡುತ್ತವೆ. ಇದರಿಂದ ನಮಗಾಗುವ ಲಾಭ ದೊಡ್ಡದು. ಹೊರಗೆ ಕಷ್ಟದ ಫಿಲ್ಟರ್ ಕಟ್ಟಬೇಕಾಗಿಲ್ಲ, ಒಂದು ರೆಸಿಸ್ಟರ್ ಒಂದು ಕೆಪಾಸಿಟರ್ ಸಾಕು. ಹೊರಬರುವ ಅಂಕಿಗಳು ಐ2ಎಸ್ ಅನ್ನೋ ಮೂರು ತಂತಿಯ ದಾರಿಯಲ್ಲಿ ತಮ್ಮದೇ ತಾಳಕ್ಕೆ ಬರುತ್ತವೆ.

ಇಂಥ ಚಿಪ್ ಅಂಗಡಿಯಲ್ಲಿ ಕೇಳಿದರೆ "ಡಿಎಸಿ ಇದೆ, ಎಡಿಸಿ ಇಲ್ಲ" ಅನ್ನೋ ಉತ್ತರವೇ ಜಾಸ್ತಿ. ಇದಕ್ಕೆ ಕಾರಣ ಇದೆ. ಧ್ವನಿ ಹೊರಗೆ ಕೊಡುವ ಚಿಪ್ ಟಿವಿಗೂ ಬೇಕು, ಸ್ಪೀಕರ್‌ಗೂ ಬೇಕು, ಕಾರ್ ಸ್ಟೀರಿಯೋಗೂ ಬೇಕು. ಲೈನ್ ಸಿಗ್ನಲ್ ಅನ್ನು ಒಳಗೆ ತಗೊಳ್ಳುವ ಸ್ಟೀರಿಯೋ ಚಿಪ್ ಬೇಕಾದ ಸಾಮಾನು ಕಡಿಮೆ. ಮಾತು ಒಳಗೆ ತಗೊಳ್ಳುವ ಕೆಲಸವನ್ನು ಈಗ ಡಿಜಿಟಲ್ ಮೈಕ್‌ಗಳೇ ಮಾಡುತ್ತವೆ, ಎಡಿಸಿ ಅವುಗಳ ಹೊಟ್ಟೆಯಲ್ಲೇ ಇರುತ್ತದೆ. ಹೀಗಾಗಿ ಅಗ್ಗದ ಡಿಎಸಿ ಬೋರ್ಡ್ ರಾಶಿ ರಾಶಿ ಸಿಗುತ್ತೆ, ಎಡಿಸಿ ಹುಡುಕಬೇಕು.

ಕಣಕ್ಕೆ ಇಳಿದವು

ಮನೆಯಲ್ಲಿ ಕಟ್ಟುವವರ ಬಾಯಲ್ಲಿ ಸದಾ ಇರುವ ಹೆಸರುಗಳನ್ನೇ ನಾವೂ ಮುಂದಿಟ್ಟುಕೊಂಡೆವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಪಿಸಿಎಂ1808 ಮತ್ತು ಪಿಸಿಎಂ1802, ಅದೇ ಕಂಪನಿಯ ಹೊಸ ಪಿಸಿಎಂ186ಎಕ್ಸ್ ಸಾಲು, ಸಿರಸ್‌ನ ಸಿಎಸ್5343 ಮತ್ತು ಸಿಎಸ್5340, ಜಪಾನಿನ ಎಕೆಎಂ ಕಂಪನಿಯ ಎಕೆ5386. ಪಿಸಿಎಂ ಅನ್ನೋ ಹೆಸರಿನ ಹಿಂದೆ ಬರ್-ಬ್ರೌನ್ ಇದೆ. ಅಮೆರಿಕದ ಟೂಸಾನ್‌ನ ಆ ಕಂಪನಿಯನ್ನು ಟಿಐ 2000ದಲ್ಲಿ ಕೊಂಡಿತು. ಹಳೆಯ ಆಡಿಯೋ ಮಂದಿ ಈಗಲೂ ಅದನ್ನು ಬರ್-ಬ್ರೌನ್ ಅಂತಲೇ ಪ್ರೀತಿಯಿಂದ ಕರೆಯುತ್ತಾರೆ.

ಎಕೆ5386 ಕಾಗದದ ಮೇಲೆ ಬಹಳ ಚೆನ್ನಾಗಿದೆ. 110 ಡಿಬಿ, 16 ಕಾಲು (ಪಿನ್), ಸಿಂಗಲ್-ಎಂಡೆಡ್ (ಒಂದು ಸಿಗ್ನಲ್ ತಂತಿ, ಒಂದು ಗ್ರೌಂಡ್) ಇನ್‌ಪುಟ್. ಹಿಂದೆ ಆಗಿದ್ದರೆ ನಾನು ಕಣ್ಣು ಮುಚ್ಚಿ ಅದನ್ನೇ ಹೇಳುತ್ತಿದ್ದೆ. ಆದರೆ 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೊಕಾದಲ್ಲಿದ್ದ ಎಕೆಎಂ ಕಾರ್ಖಾನೆಗೆ ಬೆಂಕಿ ಬಿತ್ತು. ದಿನಗಟ್ಟಲೆ ಉರಿಯಿತು. ಆಡಿಯೋ ಲೋಕದ ಅರ್ಧ ಸಾಮಾನು ಆ ಚಿಪ್‌ಗಳನ್ನು ನಂಬಿಕೊಂಡಿತ್ತು ಅಂದರೆ ಹೆಚ್ಚೇನಲ್ಲ. ಉಳಿದ ಸ್ಟಾಕಿನ ಬೆಲೆ ಸಿಕ್ಕಾಪಟ್ಟೆ ಏರಿತು, ಎಷ್ಟೋ ಕಂಪನಿಗಳು ತಮ್ಮ ಬೋರ್ಡ್‌ಗಳನ್ನೇ ಬೇರೆ ಚಿಪ್‌ಗೆ ಬದಲಿಸಿಕೊಂಡವು. ಅಂಥ ಹೊತ್ತಿನಲ್ಲೇ ಹಳೆ ಚಿಪ್ ಕಿತ್ತು, ಉಜ್ಜಿ, ಹೊಸ ಹೆಸರು ಬರೆದು ಮಾರುವವರಿಗೆ ಸುಗ್ಗಿ. ಅದಕ್ಕೇ ಗುರುತಿಲ್ಲದ ಕಡೆಯಿಂದ ಬರುವ ಎಕೆಎಂ ಚಿಪ್ ಬೇಡ ಅಂತ ತೀರ್ಮಾನಿಸಿದೆವು.

ಸಿಎಸ್5343 98 ಡಿಬಿ, ಬರೀ 10 ಕಾಲು. ಸಿಎಸ್5340 101 ಡಿಬಿ. ಎರಡೂ ನಮ್ಮ ಕೆಲಸಕ್ಕೆ ಸಾಕು. ಪಿಸಿಎಂ1802 105 ಡಿಬಿ, 20 ಕಾಲು. ಪಿಸಿಎಂ1808 99 ಡಿಬಿ, 14 ಕಾಲು. ನಾವು ಹಿಡಿದದ್ದು ಕೊನೆಯದನ್ನು, ಇದ್ದುದರಲ್ಲಿ ಬಹುಮಟ್ಟಿಗೆ ಅಗ್ಗದ್ದನ್ನು.

ಯಾಕೆ? 99 ಮತ್ತು 105ರ ವ್ಯತ್ಯಾಸ ಮೈನಸ್ 65ರಲ್ಲಿ ಕೂತಿರುವ ಟೇಪಿನ ಗದ್ದಲದ ಅಡಿಯಲ್ಲಿ ಮುಳುಗಿಹೋಗುತ್ತದೆ. ಅಳೆದು ತೋರಿಸಬಹುದು, ಕೇಳಿಸೋಕೆ ಆಗಲ್ಲ. ಇನ್ನೊಂದು, ಪಿಸಿಎಂ1808ಕ್ಕೆ ಯಾವ ಪ್ರೋಗ್ರಾಮೂ ಬೇಡ. ಎಂಡಿ0, ಎಂಡಿ1, ಎಫ್‌ಎಂಟಿ ಅನ್ನೋ ಮೂರು ಕಾಲನ್ನು ನೆಲಕ್ಕೋ (ಗ್ರೌಂಡ್) 3.3 ವೋಲ್ಟ್‌ಗೋ ಕಟ್ಟಿದರೆ ಅದರ ಸೆಟ್ಟಿಂಗ್ ಮುಗಿಯಿತು. ಇನ್‌ಪುಟ್ ರೆಸಿಸ್ಟೆನ್ಸ್ 60 ಕಿಲೋಓಮ್ ಇರುವುದರಿಂದ ಡೆಕ್‌ಗೆ ಭಾರ ಆಗಲ್ಲ, ನಡುವೆ ಆಪ್‌ಆ್ಯಂಪ್ (ಸಿಗ್ನಲ್ ಬಲಪಡಿಸುವ ಚಿಪ್) ಬೇಕಿಲ್ಲ. ಮತ್ತೆ ಮುಖ್ಯವಾದದ್ದು, ಅಧಿಕೃತ ವಿತರಕರ ಹತ್ತಿರ ಇದು ಒಂದೊಂದಾಗಿಯೂ ಸಿಗುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ಸುಮ್ನೆ ಕ್ಯಾಸೆಟ್ ಡಿಜಿಟಲ್ ಆದರೆ ಸಾಕು, ಕಟ್ಟುವ ಆಸೆ ಇಲ್ಲ ಅನ್ನುವವರು ಪಿಸಿಎಂ2902 ಚಿಪ್ ಇರುವ ಯುಎಸ್‌ಬಿ ಪೆಟ್ಟಿಗೆ ತಗೊಂಡರೂ ನಡೆಯುತ್ತದೆ. 16 ಬಿಟ್, 89 ಡಿಬಿ, ಡ್ರೈವರ್ ಕೂಡ ಬೇಡ. ಟೇಪಿನ ಗದ್ದಲಕ್ಕಿಂತ ಅದೂ 24 ಡಿಬಿ ಕೆಳಗೇ ಇರುತ್ತದೆ. ಬೆಹ್ರಿಂಗರ್‌ನ ಯುಸಿಎ202 ಅನ್ನೋ ಪುಟ್ಟ ಪೆಟ್ಟಿಗೆಯಲ್ಲಿ ಇರೋದು ಇದೇ. ಆದರೆ ಬೆರಳುದ್ದದ ಅಗ್ಗದ ಯುಎಸ್‌ಬಿ ಸೌಂಡ್ ಡಾಂಗಲ್ ನೋಡಿ ಮೋಸ ಹೋಗಬೇಡಿ. ಸಿಎಂ108 ಥರದ ಚಿಪ್ ಇರುವ ಅವುಗಳ ಮೈಕ್ ಇನ್‌ಪುಟ್ ಮೋನೋ. ಹುಡುಗನಿಗೆ ಕಲಿಯಬೇಕಿತ್ತು, ಅದಕ್ಕೇ ನಾವು ಕಟ್ಟುವ ದಾರಿ ಹಿಡಿದೆವು.

ಅಸಲಿ ಕೊಳ್ಳುವುದು

ಮೊದಲು ಅವನು ಪಿಸಿಎಂ1808 ಹಾಕಿದ ಸಿದ್ಧ ಮಾಡ್ಯೂಲ್ ಎರಡು ತಂದಿದ್ದ. ಬೆಲೆ ಎಷ್ಟು ಕಡಿಮೆ ಅಂದರೆ, ಬಿಡಿ ಚಿಪ್, ಬೋರ್ಡ್, ಕೆಪಾಸಿಟರ್ ಎಲ್ಲ ಕೂಡಿಸಿದರೂ ಅಷ್ಟಕ್ಕೆ ಬರಲ್ಲ. ಒಂದು ಚೆನ್ನಾಗಿತ್ತು. ಇನ್ನೊಂದರ ಬಲ ಚಾನೆಲ್‌ನಲ್ಲಿ ಇನ್‌ಪುಟ್ ಶಾರ್ಟ್ ಮಾಡಿದರೂ ಗೊರಗೊರ ನಿಲ್ಲಲಿಲ್ಲ.

ಚಿಪ್ ಅಸಲಿಯೋ ನಕಲಿಯೋ ಅಂತ ಮನೆಯಲ್ಲೇ ಸ್ವಲ್ಪ ಮಟ್ಟಿಗೆ ಪರೀಕ್ಷೆ ಮಾಡಬಹುದು. ಹತ್ತಿಗೆ ಅಸಿಟೋನ್ ಹಚ್ಚಿ ಮೇಲ್ಮೈ ಉಜ್ಜಿದೆವು. ಹೊಸದಾಗಿ ಕಪ್ಪು ಬಳಿದು ಬರೆದಿದ್ದರೆ ಹತ್ತಿಗೆ ಕಪ್ಪು ಹತ್ತುತ್ತದೆ, ಕೆಳಗಿನ ಹಳೆ ಉಜ್ಜಿದ ಗೆರೆ ಕಾಣುತ್ತದೆ. ನಮ್ಮದರಲ್ಲಿ ಹಾಗೇನೂ ಆಗಲಿಲ್ಲ. ಆಮೇಲೆ ಕರೆಂಟ್ ಅಳೆದೆವು. ಡೇಟಾಶೀಟ್ ಪ್ರಕಾರ 48 ಕಿಲೋಹರ್ಟ್ಸ್‌ನಲ್ಲಿ 5 ವೋಲ್ಟ್ ಕಡೆ 8.6 ಮಿಲಿಆ್ಯಂಪ್, 3.3 ವೋಲ್ಟ್ ಕಡೆ 5.9 ಮಿಲಿಆ್ಯಂಪ್, ಒಟ್ಟು ಸುಮಾರು 62 ಮಿಲಿವ್ಯಾಟ್. ಬೇರೆ ಯಾವುದೋ ಚಿಪ್‌ಗೆ ಹೆಸರು ಬರೆದಿದ್ದರೆ ಈ ಅಂಕಿ ಸಾಮಾನ್ಯವಾಗಿ ಹೊಂದಲ್ಲ. ಕೆಟ್ಟ ಮಾಡ್ಯೂಲ್‌ನಲ್ಲಿ 5 ವೋಲ್ಟ್ ಕಡೆಯ ಕರೆಂಟ್ ಇರಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಅದನ್ನು ಪಕ್ಕಕ್ಕಿಟ್ಟೆವು.

ಮುಂದಿನದನ್ನು ವಿತರಕರಿಂದಲೇ ತರಿಸಿದೆವು. ಭಾರತಕ್ಕೆ ಬಿಡಿ ಚಿಪ್ ಕಳಿಸುವ ಮೌಸರ್, ಡಿಜಿಕೀ, ಎಲಿಮೆಂಟ್14 ಇವೆ; 1985ರಿಂದ ಬೆಂಗಳೂರಿನಲ್ಲೇ ಕಚೇರಿ ಇಟ್ಟುಕೊಂಡಿರುವ ಟಿಐ ಕೂಡ ತನ್ನ ಆನ್‌ಲೈನ್ ಅಂಗಡಿಯಿಂದ ನೇರ ಮಾರುತ್ತದೆ. ಇಲ್ಲಿ ಕೈ ಸುಡೋದು ಚಿಪ್‌ನ ಬೆಲೆಯಲ್ಲ, ಸಾಗಣೆ ಮತ್ತು ಮೇಲಿನ 18 ಶೇಕಡಾ ತೆರಿಗೆ. ಒಂದೇ ಚಿಪ್ ತರಿಸಿದರೆ ಸಾಗಣೆ ಚಿಪ್‌ನ ಹಲವು ಪಟ್ಟು ಆಗುತ್ತದೆ. ಹುಡುಗ ಕ್ಲಾಸಿನಲ್ಲಿ ಕೇಳಿದ. ಪ್ರಾಜೆಕ್ಟಿಗೆ ಬಿಡಿಭಾಗ ಬೇಕಾದವರು ಸುಮಾರು ಜನ ಸಿಕ್ಕರು. ಎಲ್ಲರದೂ ಸೇರಿಸಿ ಒಂದೇ ಆರ್ಡರ್ ಹಾಕಿ, ಉಚಿತ ಸಾಗಣೆಯ ಮಿತಿ ದಾಟಿಸಿದರು. ಅಗ್ಗದ ಚಿಪ್ ನಿಜವಾಗಿ ಅಗ್ಗಕ್ಕೆ ಸಿಗೋದು ಹೀಗೆ. ಆಸಿಲೇಟರು (ಗಡಿಯಾರದ ಮಿಡಿತ ಕೊಡುವ ಭಾಗ), ರೆಗ್ಯುಲೇಟರು (ವೋಲ್ಟೇಜ್ ಸ್ಥಿರವಾಗಿಡುವ ಭಾಗ), ಫಿಲ್ಮ್ ಕೆಪಾಸಿಟರನ್ನೂ ಅದೇ ಆರ್ಡರ್‌ನಲ್ಲಿ ತರಿಸಿಕೊಂಡ. ಅಡಾಪ್ಟರ್ ಬೋರ್ಡು, ಆರ್‌ಸಿಎ ಸಾಕೆಟ್ಟು, ಡಬ್ಬಿ ಮಾತ್ರ ಎಸ್‌ಪಿ ರೋಡಿನವು.

ಪಿಸಿಎಂ1808ರ ಕಾಲುಗಳ ನಡುವಿನ ಅಂತರ 0.65 ಮಿಲಿಮೀಟರ್. ನೋಡೋಕೆ ಭಯ ಆಗುತ್ತದೆ, ಹಾಕೋಕೆ ಅಷ್ಟು ಕಷ್ಟ ಇಲ್ಲ. ಎದುರು-ಬದುರಿನ ಎರಡು ಮೂಲೆ ಕಾಲು ಮೊದಲು ಹಿಡಿಸಬೇಕು, ಫ್ಲಕ್ಸ್ ಧಾರಾಳ ಹಚ್ಚಬೇಕು, ಬೆಸುಗೆ ಕಡ್ಡಿಯ ತುದಿಯಲ್ಲಿ ಚೂರೇ ಸೀಸ ಇಟ್ಟುಕೊಂಡು ಸಾಲಿನ ಮೇಲೆ ಎಳೆಯಬೇಕು. ಕಾಲುಗಳ ನಡುವೆ ಸೇತುವೆ ಆದರೆ ತಾಮ್ರದ ಜಡೆಯಿಂದ ಹೀರಿಸಿದರಾಯಿತು.

ಬರೀ ಸೊನ್ನೆ

ಜೋಡಿಸಿ ರೆಕಾರ್ಡ್ ಒತ್ತಿದ. ಫೈಲ್ ಬಂತು. ತೆರೆದು ನೋಡಿದರೆ ಅಲ್ಲಲ್ಲಿ ಧ್ವನಿ, ನಡುನಡುವೆ ಪೂರ್ತಿ ಸೊನ್ನೆ. ಗದ್ದಲ ಕೂಡ ಇಲ್ಲದ, ಗೆರೆ ಎಳೆದಂಥ ಸೊನ್ನೆ.

"ಸರ್, ಈ ಚಿಪ್ಪೂ ಹೋಗಿದ್ಯಾ?" ಅಂದ.

ಚಿಪ್ ಹೋಗಿರಲಿಲ್ಲ. ಗದ್ದಲವೂ ಇಲ್ಲದ ಸೊನ್ನೆ ಬರುತ್ತಿದೆ ಅಂದರೆ ಚಿಪ್ ಬೇಕಂತಲೇ ಬಾಯಿ ಮುಚ್ಚಿಕೊಂಡಿದೆ ಅಂತ ಅರ್ಥ. ಈ ಚಿಪ್‌ಗೆ ಮೂರು ಗಡಿಯಾರ ಬೇಕು. ಎಲ್ಲಕ್ಕಿಂತ ವೇಗದ ಸಿಸ್ಟಂ ಕ್ಲಾಕ್, ಬಿಟ್‌ಗಳನ್ನು ಎಣಿಸುವ ಬಿಟ್ ಕ್ಲಾಕ್, ಎಡ-ಬಲ ಹೇಳುವ ಎಲ್‌ಆರ್ ಕ್ಲಾಕ್. ಸಿಸ್ಟಂ ಕ್ಲಾಕ್ ಎಲ್‌ಆರ್ ಕ್ಲಾಕ್‌ನ ಸರಿಯಾಗಿ 256, 384 ಅಥವಾ 512 ಪಟ್ಟು ಇರಬೇಕು. "ಸುಮಾರಾಗಿ" ನಡೆಯಲ್ಲ. ಎರಡರ ಹೊಂದಾಣಿಕೆ ಜಾರಿದರೆ ಚಿಪ್ ಔಟ್‌ಪುಟ್ ಅನ್ನು ಸೊನ್ನೆ ಮಾಡಿ ಮತ್ತೆ ತಾಳ ಹಿಡಿಯುವವರೆಗೆ ಕಾಯುತ್ತದೆ. ಇದು ಡೇಟಾಶೀಟ್‌ನಲ್ಲೇ ಇದೆ.

ನಮ್ಮ ಜೋಡಣೆಯಲ್ಲಿ ಸಿಸ್ಟಂ ಕ್ಲಾಕ್ ಬರುತ್ತಿದ್ದದ್ದು 24.576 ಮೆಗಾಹರ್ಟ್ಸ್ ಆಸಿಲೇಟರ್‌ನಿಂದ. ಉಳಿದೆರಡು ರಾಸ್ಪ್‌ಬೆರಿ ಪೈಯಿಂದ. ಎರಡರ ಹಿಂದೆ ಎರಡು ಬೇರೆ ಕ್ರಿಸ್ಟಲ್. ಅಂಕಿಯಲ್ಲಿ ಎರಡೂ 48 ಕಿಲೋಹರ್ಟ್ಸ್‌ನವೇ, ಆದರೆ ನಿಧಾನಕ್ಕೆ ಒಂದನ್ನೊಂದು ದಾಟಿಹೋಗುತ್ತಿದ್ದವು. ದಾಟಿದಾಗಲೆಲ್ಲ ಸೊನ್ನೆ.

ಪರಿಹಾರ ಒಂದೇ ಒಂದು ಜಂಪರ್. ಎಂಡಿ0 ಕಾಲನ್ನು 3.3 ವೋಲ್ಟ್‌ಗೆ ಎತ್ತಿ, ಎಂಡಿ1 ನೆಲದಲ್ಲೇ ಬಿಟ್ಟರೆ ಚಿಪ್ ಮಾಸ್ಟರ್ ಆಗುತ್ತದೆ. ಆಸಿಲೇಟರ್‌ನ 24.576ನ್ನು 512ರಿಂದ ಭಾಗಿಸಿ 48 ಕಿಲೋಹರ್ಟ್ಸ್ ಅನ್ನು ತಾನೇ ಮಾಡಿ, ಬಿಟ್ ಕ್ಲಾಕ್ ಮತ್ತು ಎಲ್‌ಆರ್ ಕ್ಲಾಕ್ ಅನ್ನು ಪೈಗೆ ತಾನೇ ಕೊಡುತ್ತದೆ. ಪೈ ಬರೀ ಕೇಳಿಸಿಕೊಳ್ಳುತ್ತದೆ. ಪೈ ಕಡೆ 18ನೇ ಜಿಪಿಐಒ ಕಾಲಿಗೆ ಬಿಟ್ ಕ್ಲಾಕ್, 19ಕ್ಕೆ ಎಲ್‌ಆರ್, 20ಕ್ಕೆ ಡೇಟಾ. ಡಿವೈಸ್ ಟ್ರೀ ಓವರ್‌ಲೇನಲ್ಲಿ (ಪೈಗೆ ಏನು ಜೋಡಿಸಿದೆ ಅಂತ ಲಿನಕ್ಸ್‌ಗೆ ಹೇಳುವ ಫೈಲ್) ಕ್ಲಾಕ್ ಕೊಡುವುದು ಹೊರಗಿನ ಚಿಪ್ ಅಂತ ಬರೆಯಬೇಕು. ಅಷ್ಟೇ. ಎಂಡಿ1 ಅನ್ನೂ ಎತ್ತಿದರೆ 256ರ ಭಾಗಾಕಾರ, ಅಂದರೆ ಅದೇ ಆಸಿಲೇಟರ್‌ನಲ್ಲಿ 96 ಕಿಲೋಹರ್ಟ್ಸ್.

ಈ ಚಿಪ್ ಕೊಳ್ಳುವವರಿಗೆಲ್ಲ ನಾನು ಒತ್ತಿ ಹೇಳೋದು ಇದನ್ನೇ: ಆಸಿಲೇಟರ್ ಅನ್ನೂ ಸೇರಿಸಿ ಬೆಲೆ ಲೆಕ್ಕ ಹಾಕಿ. ಮಾಡ್ಯೂಲ್ ಕೊಂಡರೂ ಅದರ ಮೇಲೆ ಆಸಿಲೇಟರ್ ಇದೆಯೋ ಇಲ್ಲವೋ ಅಂತ ಫೋಟೋದಲ್ಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಅಗ್ಗದ ಬೋರ್ಡ್ ಮೇಜಿನ ಮೇಲೆ ಸುಮ್ನೆ ಬಿದ್ದಿರುತ್ತದೆ.

ಕರೆಂಟು

ಧ್ವನಿ ಬಂದ ಮೇಲೆ ಇನ್‌ಪುಟ್ ಎರಡೂ ಶಾರ್ಟ್ ಮಾಡಿ ಗದ್ದಲ ಅಳೆದೆವು. ಮೈನಸ್ 75ರ ಆಸುಪಾಸು. ಚಿಪ್ 99 ಅನ್ನುತ್ತದೆ, ನಮ್ಮ ಪೆಟ್ಟಿಗೆ 75 ಅನ್ನುತ್ತದೆ. ನಡುವಿನದ್ದೆಲ್ಲ ಎಲ್ಲಿಂದ ಬಂತು?

ಪೈಯ 5 ವೋಲ್ಟ್ ಕಾಲಿನಿಂದಲೇ ಚಿಪ್‌ಗೂ ಕರೆಂಟ್ ಕೊಟ್ಟಿದ್ದ. ಪೈ ಕೆಲಸ ಮಾಡುವಾಗ ಆ 5 ವೋಲ್ಟ್ ನೆಟ್ಟಗೆ ನಿಲ್ಲಲ್ಲ, ಜೊತೆಗೆ ಮೊಬೈಲ್ ಚಾರ್ಜರಿನ ಸ್ವಿಚ್ಚಿಂಗ್ ಗದ್ದಲವೂ ಅದರಲ್ಲೇ. ಈ ಚಿಪ್‌ನ ಪೂರ್ತಿ ಅಳತೆ ಸಪ್ಲೈ ವೋಲ್ಟೇಜಿನ 0.6 ಪಾಲು ಅನ್ನೋದನ್ನು ಗಮನಿಸಬೇಕು. 5 ವೋಲ್ಟ್ ಇದ್ದರೆ 3 ವೋಲ್ಟ್. ಸಪ್ಲೈ ಅಲ್ಲಾಡಿದರೆ ಅಳತೆಗೋಲೇ ಅಲ್ಲಾಡಿದಂತೆ. ಅಕ್ಕಿ ಅಳೆಯುವ ಸೇರು ತಾನೇ ಹಿಗ್ಗುತ್ತ ಕುಗ್ಗುತ್ತ ಇದ್ದರೆ ಅಕ್ಕಿ ಎಷ್ಟು ಅಂತ ಹೇಳೋದು ಹೇಗೆ?

ಅನಲಾಗ್ ಕಡೆಗೆ ಬೇರೆ ದಾರಿ ಮಾಡಿದೆವು. ಹಳೆಯ 9 ವೋಲ್ಟ್ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್, ಅದರ ಮುಂದೆ 7805 ರೆಗ್ಯುಲೇಟರ್, ಅದರ ಮುಂದೆ 10 ಓಮ್ ರೆಸಿಸ್ಟರ್ ಮತ್ತು 220 ಮೈಕ್ರೋಫ್ಯಾರಡ್ ಕೆಪಾಸಿಟರ್. ಚಿಪ್ ಎಳೆಯೋದೇ 8.6 ಮಿಲಿಆ್ಯಂಪ್, ಹಾಗಾಗಿ 10 ಓಮ್‌ನಲ್ಲಿ ಬೀಳುವ ವೋಲ್ಟೇಜ್ 0.1ಕ್ಕಿಂತ ಕಡಿಮೆ, ಏನೂ ತೊಂದರೆ ಇಲ್ಲ. 3.3 ವೋಲ್ಟ್‌ಗೂ ಪ್ರತ್ಯೇಕ ರೆಗ್ಯುಲೇಟರ್. ವಿರೆಫ್ (ಅಳತೆಗೆ ಆಧಾರವಾಗುವ ವೋಲ್ಟೇಜ್) ಕಾಲಿಗೆ 10 ಮೈಕ್ರೋಫ್ಯಾರಡ್ ಮತ್ತು 0.1 ಮೈಕ್ರೋಫ್ಯಾರಡ್, ಎರಡೂ ಕಾಲಿಗೆ ಅಂಟಿಕೊಂಡಂತೆ. ಕ್ಲಾಕ್ ತಂತಿಗಳನ್ನು ಗೇಣಿಗಿಂತ ಚಿಕ್ಕದು ಮಾಡಿ, ಚಿಪ್ ಕಡೆ ಒಂದೊಂದಕ್ಕೂ 33 ಓಮ್ ಹಾಕಿದೆವು.

ಇನ್‌ಪುಟ್ಟಿನಲ್ಲಿ ಪ್ರತಿ ಚಾನೆಲ್‌ಗೆ 1 ಕಿಲೋಓಮ್, 1 ನ್ಯಾನೋಫ್ಯಾರಡ್‌ನ ಚಿಕ್ಕ ಫಿಲ್ಟರ್, ಆಮೇಲೆ 1 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್. 60 ಕಿಲೋಓಮ್ ಜೊತೆ ಅದು 2.7 ಹರ್ಟ್ಸ್‌ನಿಂದ ಕೆಳಗಿನದನ್ನು ತಡೆಯುತ್ತದೆ, ಮದ್ದಳೆಯ ನಾದಕ್ಕೆ ಎಲ್ಲೂ ಕೈ ಹಾಕಲ್ಲ. ಈ ಜಾಗಕ್ಕೆ ಸಾಧಾರಣ ಸೆರಾಮಿಕ್ ಹಾಕಬೇಡಿ. ವೋಲ್ಟೇಜ್ ಬದಲಾದಂತೆ ಅದರ ಕೆಪಾಸಿಟೆನ್ಸ್ ಬದಲಾಗಿ ಧ್ವನಿ ಕೆಡುತ್ತದೆ. ಫಿಲ್ಮ್ ಅಥವಾ ಎಲೆಕ್ಟ್ರೊಲಿಟಿಕ್ ಇರಲಿ.

ಮತ್ತೆ ಅಳೆದಾಗ ಮೈನಸ್ 95ರ ಹತ್ತಿರ ಬಂತು. ಚಿಪ್ ಬದಲಿಸಲಿಲ್ಲ, ದುಬಾರಿ ಸಾಮಾನು ಯಾವುದೂ ಬರಲಿಲ್ಲ. ಅದೇ ಹಳೆ ಸಪ್ಲೈಯ ಮೇಲೆ 120 ಡಿಬಿಯ ಚಿಪ್ ತಂದು ಕೂರಿಸಿದ್ದರೂ ಆ 75 ಅಷ್ಟೇನೂ ಕದಲುತ್ತಿರಲಿಲ್ಲ. ಸಾವಿರಗಟ್ಟಲೆ ಕೊಟ್ಟು ದೊಡ್ಡ ಚಿಪ್ ತಂದು, ಚಾರ್ಜರ್‌ನಿಂದ ಓಡಿಸುವವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಇಷ್ಟಾದ ಮೇಲೂ ಡೆಕ್ ಜೋಡಿಸಿದಾಗ 50 ಹರ್ಟ್ಸ್ ಗುಂಯ್ ಅನ್ನುತ್ತಿತ್ತು. ಡೆಕ್‌ನ ಪ್ಲಗ್ ಒಂದು ಗೋಡೆಗೆ, ಪೆಟ್ಟಿಗೆಯದ್ದು ಇನ್ನೊಂದು ಗೋಡೆಗೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಪೈಯನ್ನು ಪವರ್ ಬ್ಯಾಂಕ್‌ನಿಂದ ಓಡಿಸಿದ ಮೇಲೆ ಹೋಯಿತು.

ಸಾಗರದಲ್ಲಿ

ಪೆಟ್ಟಿಗೆ ಈಗ ಮೇಷ್ಟ್ರ ಮನೆಯಲ್ಲಿದೆ. ಖರ್ಚು ಮೂರು ಸಾವಿರದ ಒಳಗೇ ಮುಗಿಯಿತು. ಅದರಲ್ಲಿ ಎಡಿಸಿ ಚಿಪ್‌ಗೆ ಹೋದದ್ದು ಹತ್ತನೇ ಒಂದು ಪಾಲೂ ಅಲ್ಲ. ಹೆಚ್ಚು ತಿಂದದ್ದು ಡಬ್ಬಿ, ಸಾಕೆಟ್, ವೈರು ಮತ್ತು ಕೆಟ್ಟ ಮಾಡ್ಯೂಲ್.

90 ನಿಮಿಷದ ಒಂದು ಕ್ಯಾಸೆಟ್ 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋದಲ್ಲಿ ಒಂದೂವರೆ ಜಿಬಿಗಿಂತ ಸ್ವಲ್ಪ ಮೇಲೆ ಬರುತ್ತದೆ. ಫ್ಲ್ಯಾಕ್ (ಫೈಲ್ ಕುಗ್ಗಿಸುವ ಒಂದು ಬಗೆ) ಮಾಡಿದರೆ ಗಣನೀಯವಾಗಿ ಇಳಿಯುತ್ತದೆ, ಒಂದು ಅಂಕಿಯೂ ಕಳೆಯಲ್ಲ. ಲೆವೆಲ್ ಕಂಟ್ರೋಲ್ ಅಂತ ಒಂದು ಗುಂಡಿಯನ್ನೂ ನಾವು ಇಟ್ಟಿಲ್ಲ. ಅದು ಬೇಕಂತಲೇ. ಆ ಹತ್ತೂವರೆ ಡಿಬಿ ಜಾಗ ಇದೆಯಲ್ಲ, ಚೆಂಡೆ ಅದರೊಳಗೇ ನಿಲ್ಲುತ್ತದೆ. ಯಾರೂ ಕೂತು ಗುಂಡಿ ತಿರುಗಿಸಬೇಕಿಲ್ಲ.

ಮೊದಲ ಫೈಲ್‌ಗಳನ್ನು ಕೇಳಿ ಮೇಷ್ಟ್ರು ಫೋನ್ ಮಾಡಿದರು. "ಕೆಲವು ಕಡೆ ಚೆಂಡೆ ಒಡೆದೇ ಕೇಳುತ್ತದಲ್ಲ?" ಫೈಲ್ ತೆರೆದು ನೋಡಿದೆವು. ಅಲೆಯ ತುದಿ ಪೂರ್ತಿ ಅಳತೆಗಿಂತ ಬಹಳ ಕೆಳಗಿತ್ತು. ಒಡೆದದ್ದು ನಮ್ಮ ಪೆಟ್ಟಿಗೆಯಲ್ಲಲ್ಲ, ಆ ರಾತ್ರಿ ಟೇಪಿನಲ್ಲೇ. ಅದನ್ನು ಹೇಳಿದಾಗ ಅವರು, "ಹೌದು, ಅವತ್ತು ಚೆಂಡೆಯ ಪಕ್ಕದಲ್ಲೇ ಕೂತಿದ್ದೆ" ಅಂದರು.

ಧ್ವನಿ ಮಂಕಾಗಿ ಕೇಳುವ ಕ್ಯಾಸೆಟ್‌ಗಳೂ ಇದ್ದವು. ಅದಕ್ಕೂ ಚಿಪ್‌ಗೂ ಸಂಬಂಧ ಇಲ್ಲ. ಡೆಕ್‌ನ ಹೆಡ್ ಅನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಹೆಡ್‌ನ ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಿ ಅಜಿಮತ್ (ಟೇಪಿಗೆ ಹೆಡ್ ನಿಲ್ಲುವ ಕೋನ) ಸರಿ ಮಾಡಿದ ಮೇಲೆ ತಾಳದ ಚಿಣಿಚಿಣಿ ವಾಪಸ್ ಬಂತು. ಬೇರೆ ಬೇರೆ ರೆಕಾರ್ಡರ್‌ನಲ್ಲಿ ತುಂಬಿಸಿದ ಕ್ಯಾಸೆಟ್‌ಗಳಿಗೆ ಇದನ್ನು ಪ್ರತಿ ಸಲವೂ ಮಾಡಬೇಕು. ಬೂಷ್ಟು ಹಿಡಿದವನ್ನು ಇನ್ನೂ ಡೆಕ್‌ಗೆ ಹಾಕಿಲ್ಲ. ಮೊದಲು ಅವು ಒಣಗಬೇಕು, ಶುಚಿಯಾಗಬೇಕು.

ಇದೇ ಪೆಟ್ಟಿಗೆ ಎಲ್ಲರಿಗೂ ಸರಿ ಹೋಗುತ್ತದೆ ಅಂತ ಅಲ್ಲ. ಸಿಡಿ ಪ್ಲೇಯರ್‌ನಂತೆ 2 ವೋಲ್ಟ್ ಆರ್‌ಎಂಎಸ್ ಕೊಡುವ ಸಾಮಾನು ಜೋಡಿಸಿದರೆ ಪಿಸಿಎಂ1808 ಕ್ಲಿಪ್ ಆಗುತ್ತದೆ (ಅಲೆಯ ತುದಿ ಕತ್ತರಿಸಿ ಹೋಗುತ್ತದೆ), ಮುಂದೆ ಎರಡು ರೆಸಿಸ್ಟರ್ ಹಾಕಿ ಇಳಿಸಬೇಕು. ಇಲ್ಲವಾದರೆ ಪಿಸಿಎಂ1861 ಅಥವಾ 1863 ನೋಡಬಹುದು. 110 ಡಿಬಿ, 2.1 ವೋಲ್ಟ್ ಆರ್‌ಎಂಎಸ್ ನೇರ ತಗೊಳ್ಳುತ್ತದೆ, 3.3 ವೋಲ್ಟ್ ಒಂದರಲ್ಲೇ ಓಡುತ್ತದೆ. 1861ಕ್ಕೆ ಕಾಲು ಕಟ್ಟಿದರೆ ಸಾಕು, 1863ಕ್ಕೆ ಸಾಫ್ಟ್‌ವೇರ್‌ನಿಂದ ಹೇಳಬೇಕು. ಕಾಲುಗಳು 30. ಆಂಪ್ಲಿಫೈಯರ್ ಅಳೆಯುವ ಉಪಕರಣ ಕಟ್ಟುವವರಿಗೆ 99 ಡಿಬಿ ಸಾಲದು. ಅಲ್ಲಿ ಸಿಎಸ್5381, ಪಿಸಿಎಂ4222 ಥರದ್ದಕ್ಕೇ ಹೋಗಬೇಕು, ಡಿಫರೆನ್ಷಿಯಲ್ ಇನ್‌ಪುಟ್ಟಿನ ಬಫರ್ ಕಟ್ಟಬೇಕು, ಬೋರ್ಡ್ ಕೂಡ ನೆಟ್ಟಗೆ ಲೇಔಟ್ ಮಾಡಿಸಬೇಕು. ಆಗ ಚಿಪ್‌ಗೆ ಕೊಟ್ಟ ದುಡ್ಡು ಸಾರ್ಥಕ.

ಹುಡುಗನ ಹತ್ತಿರ ಆ ಒಟ್ಟು ಆರ್ಡರ್‌ನ ಪಿಸಿಎಂ1808 ಇನ್ನೂ ಒಂದೆರಡು ಉಳಿದಿವೆ. ಮೇಷ್ಟ್ರ ಸ್ನೇಹಿತರೊಬ್ಬರ ಮನೆಯಲ್ಲಿ ತಾಳಮದ್ದಲೆಯ ಕ್ಯಾಸೆಟ್‌ಗಳ ಇನ್ನೊಂದು ಪೆಟ್ಟಿಗೆ ಇದೆಯಂತೆ. ಎರಡನೇ ಬೋರ್ಡ್ ಅದಕ್ಕೆ. ಈ ಸಲ ಅಡಾಪ್ಟರ್ ಬದಲು ಅವನೇ ಪಿಸಿಬಿ ಬಿಡಿಸುತ್ತಿದ್ದಾನೆ, ವಿರೆಫ್ ಕೆಪಾಸಿಟರ್ ಕಾಲಿನ ಪಕ್ಕದಲ್ಲೇ ಇಟ್ಟಿದ್ದಾನೆ.